ತಪ್ಪನ್ನೂ ತಪ್ಪದೆ ನಕಲಿಸುವುದು



ಅರವತ್ತರ ದಶಕದ ಯಾವುದೋ ಕಾರ್ಖಾನೆಯ ಸಂಬಳದ ಪಟ್ಟಿ ನಿಮ್ಮ ಮುಂದಿದೆ ಅಂದುಕೊಳ್ಳಿ. ಸಾಲಿಗೊಬ್ಬ ನೌಕರ. ಹೆಸರು, ಮೂಲ ಸಂಬಳ, ಭತ್ಯೆ, ಕಡಿತ, ಕೊನೆಗೆ ಕೈಗೆ ಬರುವ ಮೊತ್ತ. ಕೆಳದರ್ಜೆಯವರ ಸಾಲುಗಳೆಲ್ಲ ಪೈಸೆಗೆ ಪೈಸೆ ಸರಿಯಾಗಿವೆ. ಮೇಲಿನ ದರ್ಜೆಯ ಕೆಲವರ ಸಾಲು ಮಾತ್ರ ಎಡವಟ್ಟು. ಐನೂರು ರೂಪಾಯಿ ಸಂಬಳದವನಿಗೆ ನಾಲ್ಕು ಸಾವಿರದ ಚಿಲ್ಲರೆ ಕಡಿತ! ಕಣ್ಣು ಕಿರಿದು ಮಾಡಿ ನೋಡಿದರೆ ಆ ಕಡಿತದ ಅಂಕಿ ಬೇರೇನೂ ಅಲ್ಲ, ಆ ನೌಕರನದೇ ನಂಬರು.

ಈ ಪಟ್ಟಿ ಅಚ್ಚು ಹಾಕಿದ ಪ್ರೋಗ್ರಾಂ ಹಳೆಯದು, ಅಂದು ತಿಂಗಳು ತಿಂಗಳು ಸರಿಯಾಗಿಯೇ ಓಡುತ್ತಿತ್ತು. ಅದಕ್ಕೆ ಉಣಿಸಿದ ತೂತುಕಾರ್ಡುಗಳೂ ಅವೇ. ಬದಲಾದದ್ದು ಒಂದೇ. ಅಂದು ಅದು ಓಡಿದ್ದು ಕೋಣೆ ತುಂಬಿಕೊಳ್ಳುವ ಯಂತ್ರದ ಮೇಲೆ. ಇಂದು ಓಡುತ್ತಿರುವುದು, ಲ್ಯಾಪ್‌ಟಾಪಿನೊಳಗೆ ಕೂತು ತಾನೇ ಆ ಯಂತ್ರ ಎಂಬಂತೆ ನಡೆದುಕೊಳ್ಳುವ ಒಂದು ತಂತ್ರಾಂಶದ ಮೇಲೆ. ಇದಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಇಂಥ ಎಮ್ಯುಲೇಟರಿನಲ್ಲಿ ತಪ್ಪು ಹುಡುಕುವ ಕೆಲಸದ ಬಗ್ಗೆ ಇವತ್ತು ನನ್ನ ಮಾತು. ಆ ನೌಕರನ ಕಡಿತದ ಗುಟ್ಟನ್ನು ಸ್ವಲ್ಪ ಹೊತ್ತಿನ ಮೇಲೆ ಬಿಡಿಸುತ್ತೇನೆ. ಅದಕ್ಕೆ ಮೊದಲು ಯಂತ್ರದ ಪರಿಚಯ ಆಗಬೇಕು.

ನಾನು ಹೇಳುತ್ತಿರುವುದು ಐಬಿಎಂ 1401 ಎಂಬ ಗಣಕದ ವಿಷಯ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ ರೂಪುಗೊಂಡ ಇದನ್ನು ಕಂಪನಿ ಪ್ರಕಟಿಸಿದ್ದು 1959ರ ಅಕ್ಟೋಬರ್ 5ರಂದು. ತಿಂಗಳಿಗೆ ಸುಮಾರು 2,500 ಡಾಲರಿನಿಂದ ಬಾಡಿಗೆ ಶುರು. ಇಂದಿನ ಲೆಕ್ಕದಲ್ಲಿ ದುಬಾರಿ ಅನ್ನಿಸಬಹುದು. ಅಂದಿನ ಗಣಕಗಳ ಪೈಕಿ ಇದು ಅಗ್ಗದ್ದು. ಹಾಗಾಗಿ ವಿಮಾ ಕಂಪನಿ, ಬ್ಯಾಂಕು, ಎಣ್ಣೆ ಕಂಪನಿ, ಕಾರ್ಖಾನೆಗಳೆಲ್ಲ ಮುಗಿಬಿದ್ದವು. ಒಟ್ಟು 12,000ಕ್ಕೂ ಹೆಚ್ಚು ಯಂತ್ರಗಳು ತಯಾರಾದವು. ನಮ್ಮ ದೇಶದಲ್ಲಿ ಮುಂಬಯಿಯ ಎಸ್ಸೊ ಎಣ್ಣೆ ಕಂಪನಿ 1961ರಲ್ಲೇ ಒಂದನ್ನು ತರಿಸಿಕೊಂಡಿತು. ಆಮೇಲೆ ಬೇರೆ ದೇಶಗಳಲ್ಲಿ ದುಡಿದು ಹಳತಾದ 1401ಗಳನ್ನು ಇಲ್ಲಿ ದುರಸ್ತಿ ಮಾಡಿ ಬಾಡಿಗೆಗೆ ಕೊಡುವುದು ಐಬಿಎಂನ ವ್ಯಾಪಾರವಾಯಿತು. 1978ರಲ್ಲಿ ಕಂಪನಿ ಭಾರತ ಬಿಟ್ಟು ಹೋಗುವ ಹೊತ್ತಿಗೆ ಅಮೆರಿಕದಲ್ಲಿ 1401 ಹಳೆಯ ಕಥೆಯಾಗಿತ್ತು.

ಈ ಯಂತ್ರಕ್ಕೆ ಕಾರ್ಡೇ ಅನ್ನ, ಕಾರ್ಡೇ ನೀರು. ಒಂದು ಕಾರ್ಡಿನಲ್ಲಿ 80 ಕಂಬಸಾಲು, ಒಂದೊಂದು ಕಂಬಸಾಲಿನಲ್ಲಿ 12 ಜಾಗ. ಎಲ್ಲೆಲ್ಲಿ ತೂತು ಬಿದ್ದಿದೆ ಎಂಬುದರ ಮೇಲೆ ಅದು ಯಾವ ಅಕ್ಷರ ಎಂದು ಗೊತ್ತಾಗುತ್ತದೆ. ಜೊತೆಗಿನ 1402 ಎಂಬ ಯಂತ್ರ ನಿಮಿಷಕ್ಕೆ 800 ಕಾರ್ಡು ಓದುತ್ತಿತ್ತು, 250 ಕಾರ್ಡಿಗೆ ತೂತು ಹಾಕುತ್ತಿತ್ತು. 1403 ಎಂಬ ಪ್ರಿಂಟರು ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು. ಮೆಮೊರಿಯದೇ ತಾಪತ್ರಯ. ಅತಿ ಚಿಕ್ಕ 1401ಕ್ಕೆ ಇದ್ದದ್ದು 1,400 ಅಕ್ಷರಗಳ ಜಾಗ. ಅಂದರೆ ಹದಿನೇಳೂವರೆ ಕಾರ್ಡಿನಷ್ಟು. ದೊಡ್ಡದಕ್ಕೆ 16,000. ಇಷ್ಟರಲ್ಲೇ ಪ್ರೋಗ್ರಾಮೂ ಇರಬೇಕು, ಓದಿದ ಕಾರ್ಡೂ ಇರಬೇಕು, ಅಚ್ಚಾಗಬೇಕಾದ ಸಾಲೂ ಇರಬೇಕು. ಒಂದೊಂದು ಅಕ್ಷರದ ಜಾಗವೂ ಒಂದು ಮನೆ, ಅದರ ಸಂಖ್ಯೆಯೇ ಅದರ ವಿಳಾಸ. 1ರಿಂದ 80ರವರೆಗಿನ ಮನೆಗಳು ಓದಿದ ಕಾರ್ಡಿಗೆ ಮೀಸಲು, 101ರಿಂದ 180 ತೂತು ಹಾಕಬೇಕಾದ ಕಾರ್ಡಿಗೆ, 201ರಿಂದ 332 ಪ್ರಿಂಟರಿನ ಸಾಲಿಗೆ. ಈ ವಿಳಾಸಗಳನ್ನು, ಅದರಲ್ಲೂ ಮೊದಲ 80 ಮನೆಗಳನ್ನು, ದಯವಿಟ್ಟು ನೆನಪಿನಲ್ಲಿಡಿ.

ಒಂದು ಗಣಕದ ಒಳಗೆ ಇನ್ನೊಂದು ಗಣಕ ಎಂಬ ಉಪಾಯ ಹೊಸದೇನಲ್ಲ, 1401ರ ಕಾಲಕ್ಕೇ ಅದರ ಅಗತ್ಯ ಬಿತ್ತು. 1963ರ ಡಿಸೆಂಬರಿನಲ್ಲಿ ಹನಿವೆಲ್ ಕಂಪನಿ ತನ್ನ 200 ಎಂಬ ಗಣಕವನ್ನು ಹೊರತಂದು, ನಿಮ್ಮ 1401 ಪ್ರೋಗ್ರಾಮುಗಳನ್ನು ನಮ್ಮ ಯಂತ್ರಕ್ಕೆ ಒಗ್ಗಿಸಿಕೊಡುತ್ತೇವೆ ಎಂದು ಸಾರಿತು. ಒಗ್ಗಿಸುವ ತಂತ್ರಾಂಶಕ್ಕೆ ಇಟ್ಟ ಹೆಸರು ಲಿಬರೇಟರ್, ಅಂದರೆ ವಿಮೋಚಕ. ಐಬಿಎಂ ಬೆಚ್ಚಿತು. 1964ರ ಏಪ್ರಿಲ್ 7ರಂದು ಅದು ಸಿಸ್ಟಂ 360 ಎಂಬ ಹೊಸ ವಂಶವನ್ನೇ ಪ್ರಕಟಿಸಿದಾಗ, ಅದರ ಮಾಡೆಲ್ 30 ಎಂಬ ಯಂತ್ರ 1401ರಂತೆಯೂ ನಡೆದುಕೊಳ್ಳುವ ಏರ್ಪಾಡು ಮಾಡಿತ್ತು. ಹಳೆಯ ಕಾರ್ಡುಗಳನ್ನು ಬಿಸಾಡಲು ಯಾವ ಗಿರಾಕಿಯೂ ಸಿದ್ಧನಿರಲಿಲ್ಲ. ಯಂತ್ರ ಹಳೆಯದಾದರೂ ಪ್ರೋಗ್ರಾಂ ಹಳೆಯದಾಗುವುದಿಲ್ಲವಲ್ಲ. ಈಗ ನಮಗೆ ಸಿಗುವ ಎಮ್ಯುಲೇಟರುಗಳು ಹವ್ಯಾಸಿಗಳ ಕೆಲಸ. ಬಾಬ್ ಸಪ್ನಿಕ್ 1993ರಲ್ಲಿ ಶುರು ಮಾಡಿದ ಸಿಮ್ಎಚ್ ಎಂಬ ಯೋಜನೆ ಇವುಗಳಲ್ಲಿ ಹೆಸರುವಾಸಿ. ಹಳೆಯ ಗಣಕಗಳ ಒಂದು ಸಂತೆಯೇ ಅದರಲ್ಲಿದೆ, 1401 ಕೂಡ.

ಈಗ ಒಳಗೆ ಹೋಗೋಣ. 1401ರ ಮೆಮೊರಿಯ ಒಂದೊಂದು ಮನೆಯಲ್ಲಿ ಎಂಟು ಬಿಟ್. ಒಂದು, ಎರಡು, ನಾಲ್ಕು, ಎಂಟು ಎಂಬ ನಾಲ್ಕು ಬಿಟ್ ಸೇರಿ ಅಂಕಿ. ಎ ಮತ್ತು ಬಿ ಎಂಬ ಎರಡು ಬಿಟ್ ಸೇರಿಕೊಂಡರೆ ಅಕ್ಷರ. ಒಂದು ಬಿಟ್ ಸರಿತಪ್ಪು ನೋಡುವುದಕ್ಕೆ. ಉಳಿದ ಒಂದಿದೆಯಲ್ಲ, ಅದೇ ಈ ಯಂತ್ರದ ಜೀವಾಳ. ಅದರ ಹೆಸರು ವರ್ಡ್ ಮಾರ್ಕ್. ಇಂದಿನ ಗಣಕದಲ್ಲಿ ಒಂದು ಸಂಖ್ಯೆಗೆ ಇಷ್ಟೇ ಜಾಗ ಎಂದು ಮೊದಲೇ ಗೊತ್ತು. 1401ರಲ್ಲಿ ಹಾಗಿಲ್ಲ. ಸಂಖ್ಯೆ ಮೂರು ಅಂಕಿಯದಿರಬಹುದು, ಮೂವತ್ತರದ್ದಿರಬಹುದು. ಯಂತ್ರ ಬಲಗಡೆಯ ಬಿಡಿಸ್ಥಾನದಿಂದ ಕೂಡುತ್ತಾ ಎಡಕ್ಕೆ ಸಾಗುತ್ತದೆ. ವರ್ಡ್ ಮಾರ್ಕ್ ಕಂಡಲ್ಲಿ ನಿಲ್ಲುತ್ತದೆ. ಆದೇಶಗಳದೂ ಅದೇ ಕಥೆ. ಒಂದು ಆದೇಶ ಒಂದೇ ಅಕ್ಷರದ್ದಾಗಬಹುದು, ಎಂಟರದ್ದಾಗಬಹುದು. ಮುಂದಿನ ವರ್ಡ್ ಮಾರ್ಕ್ ಎಲ್ಲಿದೆಯೋ ಅಲ್ಲಿ ಹೊಸ ಆದೇಶ ಶುರು. ತಾಳೆಗರಿಯ ಬರಹದಲ್ಲಿ ಪದ ಪದದ ನಡುವೆ ತೆರಪಿರುವುದಿಲ್ಲ, ಎಲ್ಲಿ ಒಡೆಯಬೇಕೆಂದು ಓದುವವನಿಗೆ ತಿಳಿದಿರಬೇಕು. ತಪ್ಪಿ ಒಡೆದರೆ ಬೇರೆಯೇ ಅರ್ಥ ಹುಟ್ಟುತ್ತದೆ. 1401ರ ಮೆಮೊರಿಯೂ ಅಂಥದೇ ಒಂದು ಗರಿ.

ಎಮ್ಯುಲೇಟರ್ ಬರೆಯುವವನು ಮೊದಲ ದಿನವೇ ಎಡವುವುದು ಇಲ್ಲಿ. ಯಂತ್ರ ಚಾಲೂ ಆಗುವ ಬಗೆ ಕೇಳಿ. ಕಾರ್ಡಿನ ಕಟ್ಟನ್ನು 1402ರಲ್ಲಿಟ್ಟು ಲೋಡ್ ಗುಂಡಿ ಒತ್ತಿದರೆ ಮೊದಲ ಕಾರ್ಡು 1ರಿಂದ 80ನೆಯ ಮನೆಗಳಿಗೆ ಬಂದು ಕೂರುತ್ತದೆ. ಕಾರ್ಡಿನ ತೂತುಗಳಲ್ಲಿ ವರ್ಡ್ ಮಾರ್ಕ್‌ಗೆ ಜಾಗವಿಲ್ಲ. ಯಂತ್ರ ತಾನಾಗಿ 1ನೆಯ ಮನೆಗೆ ಮಾತ್ರ ಒಂದು ವರ್ಡ್ ಮಾರ್ಕ್ ಇಟ್ಟು, ಅಲ್ಲಿಂದ ಆದೇಶ ನಡೆಸಲು ಶುರು ಮಾಡುತ್ತದೆ. ಹಾಗಾಗಿ ಆ ಕಾರ್ಡಿನ ಮೊದಲ ಆದೇಶ ಅಲ್ಪವಿರಾಮದ ಚಿಹ್ನೆ. ಅದರ ಅರ್ಥ, ಮುಂದೆ ಹೇಳಿದ ಎರಡು ವಿಳಾಸಗಳಲ್ಲಿ ವರ್ಡ್ ಮಾರ್ಕ್ ಇಡು ಎಂದು. ಬಹಳ ಕಟ್ಟುಗಳಲ್ಲಿ ಮೊದಲ ಏಳು ಅಕ್ಷರ ಹೀಗಿರುತ್ತವೆ: ಅಲ್ಪವಿರಾಮ, 008, 015. ಎಂಟರಲ್ಲೂ ಹದಿನೈದರಲ್ಲೂ ಗುರುತು ಹಾಕು. ಸರಿ. ಆದರೆ ಈ ಮೊದಲ ಆದೇಶವೇ ಎಲ್ಲಿ ಮುಗಿಯಬೇಕು? ಎಂಟನೆಯ ಮನೆಯಲ್ಲಿ ಗುರುತು ಇದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಗುರುತನ್ನು ಇಡಬೇಕಾದದ್ದೇ ಈ ಆದೇಶ!

ಮುಂದಿನ ಗುರುತು ಸಿಗುವ ತನಕ ಓದು ಎಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಎಮ್ಯುಲೇಟರು ಮೊದಲ ಕಾರ್ಡಿನಲ್ಲೇ ಗಂಟಲು ಕಟ್ಟಿಕೊಂಡು ನಿಲ್ಲುತ್ತದೆ. ನಿಜವಾದ ಯಂತ್ರ ನಿಲ್ಲುವುದಿಲ್ಲ. ಗುರುತು ಇಡುವ ಆದೇಶ ಮಾತ್ರ, ಮುಂದೆ ಗುರುತಿರಲಿ ಬಿಡಲಿ, ಏಳನೆಯ ಅಕ್ಷರಕ್ಕೆ ಮುಗಿದಂತೆ ಎಂದು ಅದರ ತಂತಿಗಳಲ್ಲೇ ಒಂದು ರಿಯಾಯಿತಿ ಇದೆ. ಪ್ರತಿ ದಿನ ಬೆಳಿಗ್ಗೆ ಇದನ್ನು ಚಾಲೂ ಮಾಡಬೇಕಾದವರ ಕಷ್ಟ ತಿಳಿದವರು ಮಾಡಿದ ಯಂತ್ರ ಇದು.

ಇನ್ನು ಸೊನ್ನೆ. 1401ರ ಮೆಮೊರಿಯಲ್ಲಿ ಸೊನ್ನೆ ಎಂಬ ಅಂಕಿಯನ್ನು ಬರೆಯುವುದು ಹೇಗೆ ಗೊತ್ತೆ? ಎಂಟರ ಬಿಟ್ಟನ್ನೂ ಎರಡರ ಬಿಟ್ಟನ್ನೂ ಹೊತ್ತಿಸಿ. ಎಂಟು ಎರಡು ಹತ್ತು. ಹತ್ತು ಎಂದು ಬರೆದು ಸೊನ್ನೆ ಎಂದು ಓದುವುದು! ಯಾಕೆಂದರೆ ಅಂಕಿ, ಅಕ್ಷರದ ಯಾವ ಬಿಟ್ಟೂ ಹೊತ್ತಿರದ ಮನೆ ಖಾಲಿ ಜಾಗಕ್ಕೆ ಮೀಸಲು, ಕಾರ್ಡಿನಲ್ಲಿ ತೂತೇ ಬೀಳದ ಕಂಬಸಾಲಿಗೆ. ಕೂಡುವಾಗ ಯಂತ್ರ ಎರಡನ್ನೂ ಸೊನ್ನೆ ಎಂದೇ ಎಣಿಸುತ್ತದೆ. ಹೋಲಿಸುವಾಗ ಎರಡೂ ಬೇರೆ ಬೇರೆ. ಸೊನ್ನೆಗೆ ಸೊನ್ನೆಯನ್ನೇ ಇಟ್ಟರಾಯಿತು ಎಂದು ಎಮ್ಯುಲೇಟರ್ ಬರೆದವನು ಹೊರಟರೆ, ಈ ತಿಂಗಳು ಓವರ್‌ಟೈಮ್ ಸೊನ್ನೆ ಎಂದು ತೂತು ಹಾಕಿಸಿದವನಿಗೂ ಆ ಕಂಬಸಾಲನ್ನು ಖಾಲಿ ಬಿಟ್ಟವನಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ಆ ವ್ಯತ್ಯಾಸದ ಮೇಲೆ ನಿಂತ ಪ್ರೋಗ್ರಾಮುಗಳು ಹಾದಿ ತಪ್ಪುತ್ತವೆ.

ಅನುಕ್ರಮದ ವಿಚಾರವೂ ಹೀಗೇ. ಇಂದಿನ ಗಣಕಗಳ ಸಾಮಾನ್ಯ ಸಂಕೇತದಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. 1401ರ ಹೋಲಿಕೆಯಲ್ಲಿ ಖಾಲಿ ಜಾಗ ಎಲ್ಲಕ್ಕಿಂತ ಕೆಳಗೆ, ಚಿಹ್ನೆಗಳು ಅದರ ಮೇಲೆ, ಆಮೇಲೆ ರೋಮನ್ ಅಕ್ಷರಮಾಲೆ, ಎಲ್ಲಕ್ಕಿಂತ ಮೇಲೆ ಅಂಕಿಗಳು. ಮೆಮೊರಿಯ ಬಿಟ್‌ಗಳನ್ನೇ ಸಂಖ್ಯೆಯೆಂದು ಓದಿ ಹೋಲಿಸೋಣ ಎಂದರೆ ಅಲ್ಲಿ ಕ್ರಮ ಇನ್ನೂ ವಿಚಿತ್ರ: ಅಕ್ಷರಮಾಲೆಯ ಕೊನೆಯ ಗುಂಪು ಮೊದಲಿಗೆ, ಮೊದಲ ಗುಂಪು ಕೊನೆಗೆ. ಹಾಗಾಗಿ ಎಮ್ಯುಲೇಟರಿನಲ್ಲಿ ಇದಕ್ಕೆಂದೇ ಒಂದು ಕೋಷ್ಟಕ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಉಗ್ರಾಣದ ಬಿಡಿಭಾಗಗಳ ಪಟ್ಟಿಯಲ್ಲಿ ಎ 12 ಮೊದಲೋ 12 ಎ ಮೊದಲೋ ಎಂಬಲ್ಲಿ ಈ ತಪ್ಪು ತಲೆ ಎತ್ತುತ್ತದೆ. ಬರೀ ಅಕ್ಷರ ಅಥವಾ ಬರೀ ಅಂಕಿಯ ಪಟ್ಟಿಯಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಮ್ಮ ಬಡಪಾಯಿ ನೌಕರನ ಬಳಿಗೆ ಬರೋಣ.

1401ರಲ್ಲಿ ವಿಳಾಸಕ್ಕೆ ಮೂರೇ ಅಕ್ಷರ. ಮೂರು ಅಂಕಿಯಲ್ಲಿ 999ರವರೆಗೆ ಬರೆಯಬಹುದು. ಸಾವಿರಕ್ಕೆ ಏನು ಮಾಡುವುದು? ನೂರರ ಸ್ಥಾನದ ಅಂಕಿಯ ಮೇಲಿರುವ ಎ, ಬಿ ಎಂಬ ಎರಡು ಬಿಟ್ ಇವೆಯಲ್ಲ, ಅವುಗಳಲ್ಲಿ ಸಾವಿರವನ್ನು ಎಣಿಸಿದರು. ಎರಡೂ ಆರಿದ್ದರೆ ಸಾವಿರದೊಳಗೆ. ಎ ಹೊತ್ತಿದ್ದರೆ ಸಾವಿರ, ಬಿ ಹೊತ್ತಿದ್ದರೆ ಎರಡು ಸಾವಿರ, ಎರಡೂ ಹೊತ್ತಿದ್ದರೆ ಮೂರು ಸಾವಿರ. ನಾಲ್ಕು ಸಾವಿರದ ಮೇಲಿನದಕ್ಕೆ ಬಿಡಿಸ್ಥಾನದ ಎ, ಬಿ. ಅದು ನಮಗೆ ಈಗ ಬೇಡ.

ಮಾಮೂಲಿ 1401ರಲ್ಲಿ, ಆದೇಶದ ವಿಳಾಸಕ್ಕೆ ಬೇಕಾದಷ್ಟನ್ನು ತಾನಾಗಿ ಕೂಡಿಕೊಡುವ ಇಂಡೆಕ್ಸ್ ರಿಜಿಸ್ಟರ್ ಎಂಬ ಅನುಕೂಲ ಇರಲಿಲ್ಲ, ಬೇಕಾದವರು ಹೆಚ್ಚು ಬಾಡಿಗೆ ಕೊಟ್ಟು ಹಾಕಿಸಿಕೊಳ್ಳಬೇಕು. ಅದಿಲ್ಲದೆ ಒಂದು ಕೋಷ್ಟಕವನ್ನು ಸಾಲು ಸಾಲಾಗಿ ಹುಡುಕುವುದು ಹೇಗೆ? ಪ್ರೋಗ್ರಾಂ ತನ್ನ ಆದೇಶವನ್ನು ತಾನೇ ತಿದ್ದಿಕೊಳ್ಳಬೇಕು. ಆದೇಶದೊಳಗಿನ ವಿಳಾಸದ ಎಡ ತುದಿಗೆ ಗಳಿಗೆಯ ಮಟ್ಟಿಗೆ ಒಂದು ವರ್ಡ್ ಮಾರ್ಕ್ ಇಟ್ಟು, ವಿಳಾಸಕ್ಕೆ ಒಂದು ನಮೂದಿನ ಉದ್ದವನ್ನು, ಹತ್ತು ಎನ್ನೋಣ, ಕೂಡಿ, ವರ್ಡ್ ಮಾರ್ಕ್ ತೆಗೆದುಬಿಡುವುದು. ಇಡದೆ ಕೂಡಿದರೆ ಕೈಯಲ್ಲಿ ಬಂದ ಹೆಚ್ಚುವರಿ ಪಕ್ಕದ ಆದೇಶದ ಅಕ್ಷರವನ್ನೇ ಕೆಡಿಸೀತು. ಇಂದಿನ ಪ್ರೋಗ್ರಾಮರುಗಳಿಗೆ ಇದನ್ನು ಹೇಳಿದರೆ ಮೈ ನಡುಗುತ್ತದೆ. ಅಂದು ಇದು ದಿನನಿತ್ಯದ ಕೆಲಸ.

ಕೋಷ್ಟಕ 900ರ ಆಸುಪಾಸಿನಲ್ಲಿ ಶುರುವಾಗಿ ಸಾವಿರ ದಾಟಿ ಮುಂದೆ ಹೋಗಿದೆ ಅನ್ನಿ. ದರ್ಜೆಗೊಂದು ನಮೂದು, ದರ್ಜೆಯ ಸಂಕೇತ, ಪಕ್ಕದಲ್ಲಿ ಕಡಿತದ ಮೊತ್ತ. 970, 980, 990 ಎಂದು ನಡೆಯುತ್ತದೆ ಹುಡುಕಾಟ. 990ಕ್ಕೆ ಹತ್ತು ಕೂಡಿದಾಗ ಏನಾಗಬೇಕು? ಮೂರು ಅಂಕಿಯ ಜಾಗದಲ್ಲಿ ಸಾವಿರ ಹಿಡಿಸದು. ಮೂರು ಸೊನ್ನೆ ಉಳಿದು, ಕೈಯಲ್ಲಿ ಬಂದ ಒಂದು ಹೊರಗೆ ಬೀಳುತ್ತದೆ. ಸಂಖ್ಯೆ ಉಕ್ಕಿತು ಎಂದು ಸೂಚಿಸುವ ಒಂದು ಗುರುತು ಯಂತ್ರದಲ್ಲಿ ಹೊತ್ತಿಕೊಳ್ಳುತ್ತದೆ. ಅಂಕಗಣಿತ ಬಲ್ಲ ಯಾರೇ ಎಮ್ಯುಲೇಟರ್ ಬರೆದರೂ ಇಷ್ಟನ್ನು ಸರಿಯಾಗಿ ಮಾಡುತ್ತಾರೆ. ಯಂತ್ರ ಇನ್ನೊಂದನ್ನೂ ಮಾಡುತ್ತದೆ: ಉಕ್ಕಿ ಬಂದ ಆ ಒಂದನ್ನು ಎಸೆಯದೆ, ಎಡತುದಿಯ ಅಂಕಿಯ ಎ ಬಿಟ್ಟನ್ನು ಹೊತ್ತಿಸುತ್ತದೆ. ಎರಡನೆಯ ಸಲ ಉಕ್ಕಿದರೆ ಬಿ, ಮೂರನೆಯ ಸಲ ಎರಡೂ, ನಾಲ್ಕನೆಯ ಸಲ ಮತ್ತೆ ಎರಡೂ ಆರುತ್ತವೆ. ಹೊರನೋಟಕ್ಕೆ ಇದು ಲೆಕ್ಕದ ಕಸ. ವಿಳಾಸವೆಂದು ಓದಿದರೆ ಎ ಹೊತ್ತಿದ ಮೂರು ಸೊನ್ನೆ ಅಂದರೆ ಸಾಕ್ಷಾತ್ 1000.

ಉಕ್ಕಿದ ಒಂದನ್ನು ಎಸೆದುಬಿಡುವ ಎಮ್ಯುಲೇಟರಿನಲ್ಲಿ ವಿಳಾಸ 1000 ಆಗುವ ಬದಲು 000 ಆಯಿತು. ಅಲ್ಲಿಂದ 010, 020, 030. ಅಲ್ಲಿರುವುದು ಏನು? ಆಗಲೇ ನೆನಪಿನಲ್ಲಿಡಿ ಎಂದಿದ್ದೆ: ಮೊದಲ 80 ಮನೆಗಳಲ್ಲಿರುವುದು ಈಗಷ್ಟೇ ಓದಿದ ಕಾರ್ಡು, ಇದೇ ನೌಕರನದು. ಅದರಲ್ಲಿ ಅವನ ದರ್ಜೆಯ ಸಂಕೇತ ಇರಲೇಬೇಕು. ಪ್ರೋಗ್ರಾಂ ಅವನ ದರ್ಜೆಯನ್ನು ಅವನದೇ ದರ್ಜೆಯ ಜೊತೆ ಹೋಲಿಸಿ ಸಿಕ್ಕಿತು ಎಂದುಕೊಂಡು, ಪಕ್ಕದಲ್ಲಿದ್ದ ನೌಕರನ ನಂಬರನ್ನು ಕಡಿತ ಎಂದು ತೆಗೆದುಕೊಂಡಿತು. ಕೆಳದರ್ಜೆಗಳ ನಮೂದು 990ರೊಳಗೇ ಸಿಕ್ಕಿದ್ದರಿಂದ ಅವರ ಸಂಬಳ ಸುರಕ್ಷಿತ. ಪಾಪ, ಮೇಲಿನವರಿಗೆ ಪೆಟ್ಟು.

ಈ ಎ ಬಿಟ್ಟಿನ ವಿಷಯ ಐಬಿಎಂ ಕೈಪಿಡಿಯಲ್ಲಿದೆ. ಆದರೆ ಕೂಡುವ ಆದೇಶದ ವಿವರಣೆಯ ನಡುವೆ, ಓದುತ್ತಾ ದಾಟಿಹೋಗುವಂಥ ಜಾಗದಲ್ಲಿ. ನನ್ನ ಅನುಭವದಲ್ಲಿ ಕೈಪಿಡಿಯ ದೊಡ್ಡಕ್ಷರದ ಸಾಲುಗಳು ಎಮ್ಯುಲೇಟರ್ ಬರೆಯುವವನಿಗೆ ಅಷ್ಟೇನೂ ಬೇಕಾಗುವುದಿಲ್ಲ, ಅವು ಸಾಮಾನ್ಯ ಬುದ್ಧಿಗೇ ಹೊಳೆಯುತ್ತವೆ. ಬೇಕಾದದ್ದೆಲ್ಲ ಟಿಪ್ಪಣಿಯಲ್ಲಿರುತ್ತದೆ.

ಉದಾಹರಣೆಗೆ, ಒಂದೊಂದು ಆದೇಶ ಮುಗಿದಾಗ ವಿಳಾಸ ಹಿಡಿದಿಡುವ ಎ ಮತ್ತು ಬಿ ಎಂಬ ರಿಜಿಸ್ಟರುಗಳಲ್ಲಿ (ಇವು ಆಗಿನ ಎ, ಬಿ ಬಿಟ್ ಅಲ್ಲ) ಏನು ಉಳಿದಿರುತ್ತದೆ ಎಂಬ ಪುಟ್ಟ ಸೂತ್ರ. ಯಾರಿಗೆ ಬೇಕು ಅದು ಅನ್ನಿಸುತ್ತದೆ. ಮೆಮೊರಿ ಉಳಿಸಬೇಕಾದ ಪ್ರೋಗ್ರಾಮರಿಗೆ ಬೇಕಿತ್ತು. ಅಕ್ಕಪಕ್ಕದ ಮೂರು ಸಂಖ್ಯೆಗಳನ್ನು ಸಾಗಿಸಬೇಕಾದರೆ ಮೊದಲ ಆದೇಶಕ್ಕೆ ಮಾತ್ರ ವಿಳಾಸ ಕೊಟ್ಟು, ಉಳಿದೆರಡಕ್ಕೆ ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಹಿಂದಿನ ಆದೇಶ ನಿಂತ ಜಾಗದಿಂದ ಮುಂದಿನದು ತಾನೇ ಶುರುವಾಗುತ್ತಿತ್ತು. ಹನ್ನೆರಡು ಅಕ್ಷರ ಉಳಿತಾಯ. ಕೂಡುವ ಆದೇಶದಲ್ಲಿ ಎ ಸಂಖ್ಯೆ ಬಿ ಸಂಖ್ಯೆಗಿಂತ ಗಿಡ್ಡದಿದ್ದರೆ ಎ ರಿಜಿಸ್ಟರು ತನ್ನ ಗುರುತು ದಾಟಿದಲ್ಲೇ ನಿಲ್ಲುತ್ತದೆ, ಬಿ ತನ್ನ ಕೊನೆಗೆ ಹೋಗುತ್ತದೆ. ಇದನ್ನು ಒಂದೇ ಮನೆಯಷ್ಟು ತಪ್ಪಿಸಿದರೂ ಮೂರನೆಯ ಆದೇಶದ ಹೊತ್ತಿಗೆ ಪಟ್ಟಿಯ ಅಂಕಿಗಳು ಪಕ್ಕದ ಅಂಕಣಕ್ಕೆ ಸರಿದಿರುತ್ತವೆ.

ಹಾಗಾದರೆ ತಪ್ಪು ಹುಡುಕುವುದು ಹೇಗೆ? ಎಮ್ಯುಲೇಟರು ನಡೆಸಿದ ಪ್ರತಿ ಆದೇಶವನ್ನೂ ಅದರ ವಿಳಾಸ, ರಿಜಿಸ್ಟರುಗಳ ಸಮೇತ ಬರೆದಿಡುವಂತೆ ಮಾಡಬೇಕು. ಸಾವಿರಾರು ಸಾಲುಗಳ ಜಾಡು ಅದು. ನಡುಮಧ್ಯ ಒಂದು ಜಾಗ ಹಿಡಿದು, ಇಲ್ಲಿಯ ತನಕ ಮೆಮೊರಿ ಸರಿಯಿದೆಯೆ ಎಂದು ನೋಡುವುದು. ಸರಿಯಿದ್ದರೆ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ ಕಳ್ಳ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಮೊದಲು ಕೆಟ್ಟ ಆದೇಶ ಸಿಗುತ್ತದೆ. ಇಷ್ಟು ಸುಲಭ. ಕಷ್ಟ ಇರುವುದು ಸರಿ ಎಂದರೆ ಏನು ಎಂದು ತೀರ್ಮಾನಿಸುವುದರಲ್ಲಿ. ಪ್ರೋಗ್ರಾಂ ಬರೆದವನೇ ತಪ್ಪಿದ್ದನೋ, ಕಾರ್ಡು ಓದುವಾಗ ತೂತು ತಪ್ಪಿತೋ, ಕೈಪಿಡಿಯ ವಾಕ್ಯ ಅಸ್ಪಷ್ಟವೋ, ಎಮ್ಯುಲೇಟರೇ ಕೆಟ್ಟಿದೆಯೋ? ನಾಲ್ವರೂ ಆರೋಪಿಗಳೇ.

ಐಬಿಎಂ ಎಂಜಿನಿಯರುಗಳು ಯಂತ್ರ ಪರೀಕ್ಷಿಸಲು ಬಳಸುತ್ತಿದ್ದ ತಪಾಸಣೆಯ ಕಾರ್ಡುಕಟ್ಟುಗಳು ಕೆಲವು ಉಳಿದಿವೆ. ಅವನ್ನು ಎಮ್ಯುಲೇಟರಿನಲ್ಲಿ ಓಡಿಸುವುದು ವಾಡಿಕೆ. ಒಳ್ಳೆಯದೇ. ಆದರೆ ಅದನ್ನು ಪಾಸು ಮಾಡಿದ ಮಾತ್ರಕ್ಕೆ ಹಿಗ್ಗಬೇಕಾಗಿಲ್ಲ. ಅವು ಟ್ರಾನ್ಸಿಸ್ಟರು ಕೆಟ್ಟಿದೆಯೆ, ತಂತಿ ಸಡಿಲವಾಗಿದೆಯೆ ಎಂದು ಹುಡುಕಲು ಬರೆದವು. ಯಂತ್ರದ ವಿನ್ಯಾಸವನ್ನೇ ತಪ್ಪಾಗಿ ತಿಳಿದುಕೊಂಡ ಪುಣ್ಯಾತ್ಮನೊಬ್ಬ ಮುಂದೆ ಹುಟ್ಟುತ್ತಾನೆ ಎಂದು ಅವರು ಎಣಿಸಿರಲಿಲ್ಲ. ಕೊನೆಯ ತೀರ್ಪಿಗೆ ಯಂತ್ರದ ವಿದ್ಯುತ್ ನಕ್ಷೆಗಳನ್ನೇ ಬಿಡಿಸಿಕೊಂಡು ಕೂರಬೇಕು. ಅದಕ್ಕಿಂತ ಮೇಲಿನ ನ್ಯಾಯಾಲಯ ಒಂದೇ: ನಿಜವಾದ 1401.

ಅದೂ ಇದೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ, ಜರ್ಮನಿಯಿಂದ ಬಂದ ಒಂದು 1401 ಮತ್ತು ಕನೆಕ್ಟಿಕಟ್‌ನಿಂದ ಬಂದ ಇನ್ನೊಂದನ್ನು ನಿವೃತ್ತ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ರಿಪೇರಿ ಮಾಡಿ ಓಡುವಂತೆ ಮಾಡಿದ್ದಾರೆ. 2015ರಲ್ಲಿ ಕೆನ್ ಶಿರಿಫ್ ಎಂಬ ಎಂಜಿನಿಯರು ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಚಿತ್ರವನ್ನು ಬಿಡಿಸುವ ಪ್ರೋಗ್ರಾಮನ್ನು ಎಮ್ಯುಲೇಟರಿನಲ್ಲಿ ತಿದ್ದಿ ಸರಿ ಮಾಡಿಕೊಂಡು, ಕಾರ್ಡಿಗೆ ತೂತು ಹಾಕಿಸಿ ಅಲ್ಲಿನ ಯಂತ್ರದಲ್ಲಿ ಓಡಿಸಿದರು. ಹನ್ನೆರಡು ನಿಮಿಷದಲ್ಲಿ ಚಿತ್ರ ಅಚ್ಚಾಯಿತು. ಎಮ್ಯುಲೇಟರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ಬಿಟ್‌ಕಾಯಿನ್ ಲೆಕ್ಕವನ್ನೂ ಅವರು ಅದರಲ್ಲಿ ಮಾಡಿ ನೋಡಿದ್ದಾರೆ. ಒಂದು ಹ್ಯಾಶ್‌ಗೆ 80 ಸೆಕೆಂಡು. ಶ್ರೀಮಂತರಾಗುವ ದಾರಿಯಲ್ಲ ಬಿಡಿ.

ಎಮ್ಯುಲೇಟರಿನ ತಪ್ಪುಗಳಲ್ಲಿ ಇನ್ನೊಂದು ಜಾತಿ ಇದೆ. ಅದು ಅತಿ ಒಳ್ಳೆಯತನದ್ದು. ನಿಮಿಷಕ್ಕೆ 800 ಕಾರ್ಡೆಂದರೆ ಕಾರ್ಡಿಗೆ 75 ಮಿಲಿಸೆಕೆಂಡು. ಅದರಲ್ಲಿ ಸುಮಾರು 65 ಕಾರ್ಡು ಹೊರಡುವುದಕ್ಕೂ ಓದುವುದಕ್ಕೂ ಹೋಗಿ ಪ್ರೋಗ್ರಾಮಿಗೆ ಉಳಿಯುವುದು 10 ಮಿಲಿಸೆಕೆಂಡು. ಓದಿದ ಕಾರ್ಡು ಯಾವ ಗೂಡಿಗೆ ಬೀಳಬೇಕು ಎಂಬುದನ್ನು ಆ ಹತ್ತರೊಳಗೇ ಹೇಳಿಬಿಡಬೇಕು. ತಡವಾದರೆ ಕಾರ್ಡು ಕಾಯುವುದಿಲ್ಲ. ಎಮ್ಯುಲೇಟರಿನ ಕಾರ್ಡಿಗೆ ತೂಕವಿಲ್ಲ, ಓಟವಿಲ್ಲ. ಎಷ್ಟು ನಿಧಾನಿಸಿ ಹೇಳಿದರೂ ಸರಿಯಾದ ಗೂಡಿಗೆ ಬೀಳುತ್ತದೆ. ನಿಜ ಯಂತ್ರದಲ್ಲಿ ಸೋಲಬೇಕಾದ ಪ್ರೋಗ್ರಾಂ ಇಲ್ಲಿ ಗೆಲ್ಲುತ್ತದೆ. ಇದೂ ತಪ್ಪೇ, ಆದರೆ ಯಾರೂ ದೂರು ಕೊಡುವುದಿಲ್ಲ.

ಋಣ ಸೊನ್ನೆಯ ಮಾತು ಬಿಟ್ಟರೆ ನನ್ನ ವಾದ ಪೂರ್ತಿಯಾಗದು. 1401ರಲ್ಲಿ ಸಂಖ್ಯೆಯ ಧನ, ಋಣವನ್ನು ಬಿಡಿಸ್ಥಾನದ ಎ, ಬಿ ಬಿಟ್‌ಗಳಲ್ಲಿ ಬರೆಯುತ್ತಾರೆ. ಮೈನಸ್ ಐದಕ್ಕೆ ಐದು ಕೂಡಿದರೆ ಸೊನ್ನೆ ಬರುತ್ತದೆ, ಮೈನಸ್ ಗುರುತು ಹಾಗೇ ಉಳಿಯುತ್ತದೆ. ಸಾಲವೆಲ್ಲ ತೀರಿಸಿದ ಗಿರಾಕಿಯ ಲೆಕ್ಕದಲ್ಲಿ ಸೊನ್ನೆ ಬಾಕಿಯ ಪಕ್ಕದಲ್ಲಿ ಮೈನಸ್ ಅಚ್ಚಾಗಬಹುದು. ಇದನ್ನು ಕಂಡ ಎಮ್ಯುಲೇಟರ್ ಕರ್ತೃವಿಗೆ ಕೈ ತುರಿಸುತ್ತದೆ. ಒಂದು ಸಾಲು ಸೇರಿಸಿದರೆ ಸೊನ್ನೆಗೆ ಮೈನಸ್ ಬಾರದಂತೆ ಮಾಡಬಹುದು. ಮಾಡಬಾರದು. ಹಾಗೆಯೇ ಯಾವುದೋ ಒಂದು ಪ್ರೋಗ್ರಾಂ ಓಡಲಿಲ್ಲವೆಂದು, ಅದೊಂದು ಓಡುವಂತೆ ಎಮ್ಯುಲೇಟರಿಗೆ ತೇಪೆ ಹಾಕುವುದು ಈ ಕಸುಬಿನ ಅತಿ ಕೆಟ್ಟ ಚಾಳಿ. ಯಂತ್ರ ಹೇಗಿತ್ತೋ ಹಾಗೆ ನಡೆಯಬೇಕು, ಅದರ ವಿಚಿತ್ರಗಳ ಸಮೇತ. ಆ ವಿಚಿತ್ರಗಳನ್ನು ನಂಬಿಕೊಂಡೇ ಜನ ಪ್ರೋಗ್ರಾಂ ಬರೆದರು, ಎ ಬಿಟ್ಟಿನ ಸಾವಿರವನ್ನು ನಂಬಿಕೊಂಡಂತೆ.

ರೇಡಿಯೋದಲ್ಲಿ ಮಾತಾಡುತ್ತಾ ಒಂದು ರೇಡಿಯೋ ಸಂಗತಿ ಹೇಳದಿದ್ದರೆ ಹೇಗೆ? 1401ರ ಮೆಮೊರಿ ಕೆಲಸ ಮಾಡುವಾಗ ಹತ್ತಿರವಿಟ್ಟ ರೇಡಿಯೋದಲ್ಲಿ ಸದ್ದು ಕೇಳಿಸುತ್ತಿತ್ತು. ಪ್ರೋಗ್ರಾಮಿನ ಸುತ್ತುಗಳನ್ನು ಲೆಕ್ಕ ಹಾಕಿ ಬರೆದರೆ ಸ್ವರಗಳೇ ಹೊರಡುತ್ತಿದ್ದವು. 1964ರಲ್ಲಿ ಐಸ್‌ಲೆಂಡಿಗೆ ಬಂದ 1401 ಒಂದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರು ಹೀಗೆ ಹೊರಡಿಸಿದ ರಾಗಗಳನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅವರ ಮಗ, ಸಂಗೀತಗಾರ ಯೋಹಾನ್ ಯೋಹಾನ್ಸನ್, ಆ ಟೇಪನ್ನೇ ಆಧರಿಸಿ ಕಟ್ಟಿದ ಸಂಗೀತ 2006ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು. ಅದರ ಶೀರ್ಷಿಕೆಯಲ್ಲೂ ಯಂತ್ರದ ಹೆಸರಿದೆ. ನಮ್ಮ ಎಮ್ಯುಲೇಟರಿನ ಪಕ್ಕ ರೇಡಿಯೋ ಇಟ್ಟರೆ ಲ್ಯಾಪ್‌ಟಾಪಿನ ಗುರ್ ಸದ್ದು ಬಂದೀತು, ಅಷ್ಟೇ. ಆ ರಾಗ ಬೇಕಾದರೆ ಯಂತ್ರದ ಒಂದೊಂದು ಮೆಮೊರಿ ಸುತ್ತಿಗೆ ಹಿಡಿಯುತ್ತಿದ್ದ 11.5 ಮೈಕ್ರೋಸೆಕೆಂಡನ್ನೂ ನಕಲಿಸಬೇಕು. ಮಾಡಲಾಗದ ಕೆಲಸವೇನಲ್ಲ, ಎಷ್ಟು ನಕಲಿಸಿದರೆ ಸಾಕು ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು.

ಕೊನೆಗೆ ಕೇಳುಗರಲ್ಲಿ ಒಂದು ಬಿನ್ನಹ. ಎಮ್ಯುಲೇಟರು ಎಷ್ಟು ಪಕ್ಕಾ ಆದರೂ ಅದಕ್ಕೆ ಉಣಿಸಲು ಕಾರ್ಡು ಬೇಕು. ಅಮೆರಿಕದಲ್ಲಿ ಕೆಲವು ಕಟ್ಟುಗಳಾದರೂ ಉಳಿದಿವೆ. ನಮ್ಮಲ್ಲಿ ಓಡಿದ ಪ್ರೋಗ್ರಾಮುಗಳ ಕಾರ್ಡು ರದ್ದಿಗೆ ಹೋಯಿತು, ಮಕ್ಕಳ ಗಣಿತದ ಕಚ್ಚಾ ಲೆಕ್ಕಕ್ಕೆ ಹೋಯಿತು, ಪುಸ್ತಕದ ನಡುವೆ ಗುರುತಿನ ಚೀಟಿಯಾಯಿತು. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಪಂಚ್ ಆಪರೇಟರಾಗಿ, ಪ್ರೋಗ್ರಾಮರಾಗಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ತೆಗೆದು ನೋಡಿ. ಕಾರ್ಡಿನ ಕಟ್ಟು ಸಿಕ್ಕಿದರೆ ಜಿಗುಟಾದ ರಬ್ಬರ್ ಬ್ಯಾಂಡನ್ನು ಮೆಲ್ಲಗೆ ಬಿಡಿಸಿ ತೆಗೆಯಿರಿ. ಕಟ್ಟಿನ ನೆತ್ತಿಯ ಮೇಲೆ ಪೆನ್ನಿನಲ್ಲಿ ಎಳೆದ ಓರೆಗೆರೆ ಕಂಡರೆ ಅದು ಕೆಳಗೆ ಬಿದ್ದ ಕಾರ್ಡುಗಳನ್ನು ಮತ್ತೆ ಜೋಡಿಸಲು ಹಾಕಿಕೊಂಡದ್ದು. ಆ ಕ್ರಮವನ್ನು ಕದಲಿಸಬೇಡಿ. ಒಂದೊಂದು ಕಾರ್ಡನ್ನೂ ಕಪ್ಪು ಬಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದರೂ ಸಾಕು, ತೂತುಗಳು ಸ್ಪಷ್ಟವಾಗಿ ಕಂಡರೆ ಅದನ್ನು ಓದಿಕೊಡುವ ತಂತ್ರಾಂಶ ಬರೆಯುವುದು ಕಷ್ಟವಲ್ಲ. ಜೊತೆಗೆ ಆ ಹಿರಿಯರನ್ನೇ ಕೂರಿಸಿಕೊಂಡು, ಈ ಕಟ್ಟು ಏನು ಮಾಡುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಾರ್ಡನ್ನು ಆಮೇಲೂ ಓದಬಹುದು, ಮೊದಲು ಅವರನ್ನು ಕೇಳಿ.